ಎರಡನೇ ಮೆಟ್ಟಿಲ ಹಾವಸೆ ಮತ್ತು ನನ್ನ ಕಾಂಗರೂ

ಶಿಕಾರಿಪುರದ ನಮ್ಮ ಮಿಡ್ಲ್ ಸ್ಕೂಲಿಗೆ ವಿಜ್ಞಾನದ ಬಾಬ್ತು ಬಂದದ್ದು ಎರಡೇ: ಒಂದು ಕಾಂಗರೂವಿನ ಬಣ್ಣದ ಪಟ, ಇನ್ನೊಂದು ನಾನು. ಎರಡರಲ್ಲಿ ಪಟವೇ ಗಟ್ಟಿ. ಅದಕ್ಕೆ ಹಿಂದೆ ಬಟ್ಟೆ ಅಂಟಿಸಿ, ಮೇಲೆ ಕೆಳಗೆ ಕರಿ ಕೋಲು ಕೊಟ್ಟಿದ್ದರು. ನನಗೆ ಅಂಥ ಆಧಾರವೇನೂ ಇರಲಿಲ್ಲ.

ಐವತ್ತರ ದಶಕದ ಕೊನೆಯ ಮಾತಿದು. ಹೃದಯದ ಪಟ, ಹೂವಿನ ಭಾಗಗಳ ಪಟ, ಗ್ರಹಣದ ಪಟ ಎಲ್ಲ ಬರುತ್ತವೆಂದು ಹೆಡ್‌ಮೇಷ್ಟ್ರು ಹೇಳುತ್ತಲೇ ಇದ್ದರು, ಬಂದದ್ದು ಇದೊಂದೇ. ಹಾಗಾಗಿ ನಾನು ಎಲ್ಲವನ್ನೂ ಕಾಂಗರೂವಿನಿಂದಲೇ ಕಲಿಸಿದೆ. ಮೂಳೆಯ ಪಾಠಕ್ಕೆ ಅದರ ಹಿಂಗಾಲು, ತೂಕದ ಪಾಠಕ್ಕೆ ಅದರ ಬಾಲ, ಭೂಗೋಳಕ್ಕೆ ಅದರ ದೇಶ. ಊರವರು ನನ್ನನ್ನು ಕಾಂಗರೂ ಮೇಷ್ಟ್ರು ಎಂದು ಕರೆದದ್ದರಲ್ಲಿ ಅವರ ತಪ್ಪೇನಿಲ್ಲ. ಅದೂ ಅಲ್ಲದೆ, ಎಲ್ಲರಂತೆ ಚೀಲವನ್ನು ಪಕ್ಕಕ್ಕೆ ಇಳಿಬಿಡದೆ ಹೊಟ್ಟೆಯ ಮೇಲೆ ಎಳೆದುಕೊಂಡು ನಡೆಯುವುದು ನನ್ನ ಅಭ್ಯಾಸ. ಪಕ್ಕದಲ್ಲಿದ್ದರೆ ಯಾರಾದರೂ ಕೈ ಹಾಕಿಯಾರು ಎಂಬ ಚಿಂತೆ. ಕೈ ಹಾಕಿದವನಿಗೆ ಸಿಗುತ್ತಿದ್ದದ್ದು ಚಪ್ಪಲಿ ಕಿತ್ತರೆ ಬೇಕೆಂದು ಒಂದು ಪಿನ್ನು, ಶುಂಠಿ ಪುಡಿ, ಒಂದಿಷ್ಟು ಹುರಿ, ನೆನೆಯದಂತೆ ತಗಡಿನ ಡಬ್ಬಿಯೊಳಗಿಟ್ಟ ಬೆಂಕಿಪೊಟ್ಟಣ. ನಾನು ಬೀಡಿ ಸೇದುವವನಲ್ಲ. ಆದರೂ, ಎಲ್ಲಾದರೂ ಕತ್ತಲಾದರೆ?

ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದ್ದೆ. ಈಗ ನನಗೆ ತಲೆ ನರೆತಿದೆ, ಚಿಂತೆಗೆ ಇನ್ನೂ ಮೀಸೆ ಚಿಗುರುವ ವಯಸ್ಸು.

ನಮ್ಮದು ಕುರಿಯ ಮನೆ. ಅಪ್ಪ ಹೋದ ಮೇಲೆ ಹೊಲ, ಕುರಿ ಮತ್ತು ನಾನು, ಈ ಮೂರನ್ನೂ ಮೇಯಿಸಿದವನು ಅವ್ವನ ಅಣ್ಣ, ನನ್ನ ಸೋದರಮಾವ. ಹೊಲಕ್ಕೂ ಕುರಿಗೂ ಅವನು ಹೆಚ್ಚು ಬಯ್ಯುತ್ತಿರಲಿಲ್ಲ. ಉಣ್ಣೆ ಕಂಬಳಿಗಳನ್ನು ಹೊತ್ತು ಆನವಟ್ಟಿ ಸಂತೆಗೆ ಹೋಗಿ ಮಾರುವುದು ಅವನ ಕೆಲಸ. ಬರುವಾಗ ಕಂಬಳಿಯ ಬದಲು ಸುದ್ದಿ ಹೊತ್ತು ತರುತ್ತಿದ್ದ. ಒಂದು ಸಲ ಹೀಗೆಯೇ ಸಂತೆಯಿಂದ ಬಂದವನು ಕಟ್ಟೆಯ ಮೇಲೆ ಕೂತು, "ಅಳಿಯ, ಸೊರಬದ ಕಡೆ ಒಂದು ಹೆಣ್ಣೈತಿ" ಎಂದ.

ಅವ್ವ ಮೊರ ಕೆಳಗಿಟ್ಟಳು.

"ನಮ್ಮೋರೇ. ಅಜ್ಜನ ಕಾಲಕ್ಕೆ ಕುರಿ ಬಿಟ್ಟು ಗದ್ದೆ ಹಿಡಿದಾರೆ. ಈ ಹುಡುಗೀನ ಅಂಜನಾಪುರದ ಕಡೆಯವರೂ ಕೇಳ್ಯಾರೆ. ಕಾಲುವೆ ನೀರಿನ ಗದ್ದೆ, ಎರಡು ಬೆಳೆ. ಆದರೆ ಆ ಯಜಮಾನ ವಿಜ್ಞಾನದ ಮೇಷ್ಟ್ರೇ ಅಳಿಯ ಆಗ್ಬೇಕು ಅಂತಾನೆ."

"ಯಾಕೆ?" ಎಂದೆ. ಯಾರೂ ನನ್ನನ್ನು ಕಾರಣವಿಲ್ಲದೆ ಬಯಸಲಾರರು ಎಂಬುದು ನನಗೆ ಗೊತ್ತಿತ್ತು.

"ಅವರ ಬಾವಿಕಟ್ಟೆ ಮೇಲೆ ಒಂದು ಹಾವಸೆ ಐತಂತೆ."

ಸಂಗತಿ ಇಷ್ಟು. ಕೆಲವು ವರ್ಷಗಳ ಹಿಂದೆ ಯಾವುದೋ ಕಾಲೇಜಿನ ಗಿಡದ ಪಂಡಿತರೊಬ್ಬರು ಆ ಮನೆಗೆ ನೀರು ಕುಡಿಯಲು ಹೋಗಿದ್ದರು. ಬಾವಿಕಟ್ಟೆಗೆ ಮೂರು ಮೆಟ್ಟಿಲು. ಎರಡನೇ ಮೆಟ್ಟಿಲಿನ ಮೇಲೆ, ಸೇದುವ ಕೊಡದಿಂದ ದಿನವೂ ನೀರು ತೊಟ್ಟಿಕ್ಕುವ ಜಾಗದಲ್ಲಿ, ಅಂಗೈಯಗಲದ ಹಸಿರು ಹಾವಸೆ. ಪಂಡಿತರು ಚೊಂಬನ್ನು ಅಲ್ಲೇ ಬಿಟ್ಟು, ಮಂಡಿಯೂರಿ, ಭೂತಗನ್ನಡಿ ಹಿಡಿದು ನೋಡಿದರಂತೆ. ಬಹಳ ಅಪರೂಪದ್ದು, ಈ ಸೀಮೆಯಲ್ಲಿ ನಾನು ಇನ್ನೆಲ್ಲೂ ಕಂಡಿಲ್ಲ, ಇದನ್ನು ಮುಟ್ಟಬೇಡಿ ಎಂದರಂತೆ. ನೀರು ಕುಡಿಯದೆಯೇ ಹೋದರಂತೆ. ಅಂದಿನಿಂದ ಆ ಮನೆಯಲ್ಲಿ ಯಾರೂ ಎರಡನೇ ಮೆಟ್ಟಿಲು ತುಳಿದವರಲ್ಲ. ಒಂದರಿಂದ ಮೂರಕ್ಕೆ ದಾಟುವುದು. ಯಜಮಾನರ ಷಡ್ಡಕರೊಬ್ಬರು ಹಾಗೆ ದಾಟಲು ಹೋಗಿ ಬಿದ್ದಾಗ, ಯಜಮಾನರು ಓಡಿ ಬಂದು ಮೊದಲು ಕೇಳಿದ್ದು "ಹಾವಸೆಗೆ ಏನಾಯ್ತು?" ಎಂದು.

"ಇಂಥ ವಸ್ತುವಿನ ಬೆಲೆ ಗೊತ್ತಿರೋನಿಗೇ ಮಗಳನ್ನ ಕೊಡ್ತೀನಿ ಅಂತಾನೆ" ಎಂದ ಮಾವ. "ಅಂಜನಾಪುರದ ಹುಡುಗಂಗೆ ಕಾಲುವೆ ಐತಿ. ನಿನಗೆ ಕಾಂಗರೂ ಐತಿ. ಹೋಗಿ ನೋಡಾಣ."

ಹಾವಸೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಜಾರುತ್ತದೆ ಎಂಬುದೊಂದೇ. ಹೋಗುವ ವಾರವೆಲ್ಲ ಪಠ್ಯಪುಸ್ತಕದಲ್ಲಿದ್ದ ಹಾವಸೆಯ ಪಾಠವನ್ನು ಬಾಯಿಪಾಠ ಮಾಡಿದೆ. ಇದ್ದದ್ದು ಒಂದೂವರೆ ಪುಟ, ಆ ಅರ್ಧ ಪುಟ ಚಿತ್ರ. ಅದು ಸಾಲದೆಂದು ಹೆಡ್‌ಮೇಷ್ಟ್ರನ್ನು ಕೇಳಿ ಅವರು ಪಂಚಾಂಗ ಓದುವ ಭೂತಗನ್ನಡಿ ಇಸಿದುಕೊಂಡೆ. ಚೀಲ ಇನ್ನಷ್ಟು ಮುಂದಕ್ಕೆ ಬಂತು.

ವೈಶಾಖದ ಕೊನೆ. ಒಂದೆರಡು ಅಡ್ಡಮಳೆ ಬಿದ್ದು ತಾಳಗುಂದದ ಕಡೆ ಹೊಲಗಳಲ್ಲಿ ನೇಗಿಲು ಇಳಿದಿತ್ತು. ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ, ಮಾವ ಕಂಬಳಿ ಗಂಟಿನ ಮೇಲೆ. ಹೆಣ್ಣು ನೋಡಲು ಹೋಗುವಾಗ ಕಂಬಳಿ ಯಾಕೆ ಮಾವ ಎಂದರೆ, "ಹೆಣ್ಣು ಒಪ್ಪದಿದ್ರೆ ಬರೋವಾಗ ಆನವಟ್ಟೀಲಿ ಮಾರ್ಕೊಂಡು ಬರಾಣ. ಬಸ್ ಚಾರ್ಜಾದ್ರೂ ಹುಟ್ಲಿ" ಎಂದ. ಅವ್ವನ ಚಿಂತೆ ಬೇರೆ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಅವಳ ಬಲಮಂಡಿ ಪೂರಾ ಮಡಿಸುತ್ತಿರಲಿಲ್ಲ.

"ಆ ಮೆಟ್ಲು ದಾಟೋದು ನನ್ನಿಂದ ಆಗುತ್ತೇನೋ?"

"ನಾನು ಕೈ ಹಿಡೀತೀನಿ ಅವ್ವ."

"ನೀನು ಹಿಡಿದ್ರೆ ಇಬ್ರೂ ಬೀಳ್ತೀವಿ."

ಚಿಂತೆ ನನಗೆ ಯಾರ ಕಡೆಯಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಮನೆ ಆನವಟ್ಟಿ ದಾರಿಯಲ್ಲಿ ಬಸ್ಸಿಳಿದು ಗದ್ದೆ ಬದುವಿನ ಮೇಲೆ ನಡೆಯುವಷ್ಟು ದೂರದಲ್ಲಿತ್ತು. ಗೋಡೆಗೆ ಹೊಸ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಯಜಮಾನರು ಎತ್ತರದ ಆಳು. ತಲೆಗೆ ರುಮಾಲು ಸುತ್ತಿ ಅಂಗಳದಲ್ಲೇ ಕಾಯುತ್ತಿದ್ದರು. "ಬನ್ನಿ ಬನ್ನಿ, ಕಾಲು ತೊಳೀರಿ" ಎಂದು ಎಲ್ಲರಂತೆ ಕೈತೋರಿಸದೆ ತಾವೇ ಮುಂದೆ ನಡೆದರು. ಅಂದರೆ ನೀರಿಗಿಂತ ಮೊದಲು ಹಾವಸೆಯ ದರ್ಶನ. ನಾನು ಮನಸ್ಸಿನಲ್ಲೇ ಒಂದೂವರೆ ಪುಟವನ್ನು ಇನ್ನೊಮ್ಮೆ ಒಪ್ಪಿಸಿಕೊಂಡೆ.

ಬಾವಿಕಟ್ಟೆಯ ಹತ್ತಿರ ಯಜಮಾನರು ರುಮಾಲು ಸರಿಮಾಡಿಕೊಂಡರು. "ಮೇಷ್ಟ್ರೇ, ಇಲ್ಲಿ ನೋಡಿ..." ಎಂದು ಎರಡನೇ ಮೆಟ್ಟಿಲಿನ ಕಡೆ ಕೈ ಚಾಚಿದವರು ಚಾಚಿದಂತೆಯೇ ನಿಂತರು.

ಮೆಟ್ಟಿಲು ತೊಳೆದಿಟ್ಟ ಊಟದ ತಟ್ಟೆಯಂತೆ ಹೊಳೆಯುತ್ತಿತ್ತು. ಮೂರೂ ಮೆಟ್ಟಿಲುಗಳು. ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದ ಗೀರುಗಳು ಕಲ್ಲಿನ ಮೇಲೆ ಇನ್ನೂ ಕಾಣುತ್ತಿದ್ದವು. ಹಸಿರು ಎನ್ನುವುದು ಒಂದು ಚುಕ್ಕೆಯೂ ಇರಲಿಲ್ಲ.

"ಯಾರು?" ಎಂದರು ಯಜಮಾನರು.

ಹಿತ್ತಲ ಬಾಗಿಲಲ್ಲಿ ಕೂತಿದ್ದ ಅವರ ತಾಯಿ, ಹಲ್ಲಿಲ್ಲದ ಅಜ್ಜಿ, ತಕ್ಷಣ ಹೇಳಿದರು: "ನಾನಲ್ಲ ಮಾರಾಯ. ನನಗೆ ಬಗ್ಗೂಕೇ ಆಗ್ತಿಲ್ಲೆ."

ಅವರ ಹಿಂದಿನಿಂದ ಒಂದು ಹೆಣ್ಣಿನ ಧ್ವನಿ ಬಂತು. ಹುಡುಗಿಯನ್ನು ನೋಡಬೇಕಾದದ್ದು ನಡುಮನೆಯಲ್ಲಿ, ಚಾಪೆಯ ಮೇಲೆ, ತಲೆ ತಗ್ಗಿಸಿ ಕೂತಾಗ. ನಾವು ನೋಡಿದ್ದು ಹಿತ್ತಲ ಬಾಗಿಲಲ್ಲಿ, ನೆಟ್ಟಗೆ ನಿಂತಾಗ. ಉಗುರಿನ ಸಂದಿಯಲ್ಲಿ ಇನ್ನೂ ಬೂದಿ ಇತ್ತು.

"ನಾನೇ ತಿಕ್ಕಿದ್ದು ಅಪ್ಪಯ್ಯ. ಅವರ ತಾಯಿಯವರಿಗೆ ಮಂಡಿ ಸರಿ ಇಲ್ಲ, ಬಚ್ಚಲಲ್ಲಿ ಬಿದ್ದಿದ್ರು ಅಂತ ಕಂಬಳಿ ಮಾವ ಹೇಳಿದ್ರಲ್ದಾ? ಅವರು ಮೆಟ್ಲು ದಾಟೂಕೆ ಹೋಗಿ ಜಾರಿದ್ರೆ? ತಲೆ ಕಲ್ಲಿಗೆ ತಾಗಿದ್ರೆ? ಆಮೇಲೆ ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ಯೂಕೆ ಎತ್ತೂ ಮನೇಲಿಲ್ಲ, ಉಳೂಕೆ ಹೋಗಿದಾವೆ."

ನಾನು ಬೆರಗಾಗಿ ನೋಡಿದೆ. ಆದೀತೋ ಇಲ್ಲವೋ ಎಂಬ ಒಂದು ಸಣ್ಣ ಜಾರಾಟವನ್ನು ಹಿಡಿದು, ಮೆಟ್ಟಿಲು, ತಲೆ, ಆಸ್ಪತ್ರೆ, ಎತ್ತಿನವರೆಗೂ ಬಿಡದೆ ಕೊಂಡೊಯ್ಯುವ ಈ ವಿದ್ಯೆಯನ್ನು ನಾನು ನನ್ನೊಬ್ಬನದೇ ಎಂದುಕೊಂಡಿದ್ದೆ. ಆ ಕ್ಷಣದ ಅವಳ ಮೂಗು, ಬಣ್ಣ, ಎತ್ತರ ಯಾವುದೂ ಈಗ ನೆನಪಿಗೆ ಬಾರದು. ಇವಳೇ ಆಗಬೇಕು ಅನ್ನಿಸಿತು. ಅನ್ನಿಸಿದ ಮರುಗಳಿಗೆಗೇ, ಇನ್ನು ಇದು ಆಗುವುದಿಲ್ಲ ಎಂಬ ಚಿಂತೆಯೂ ಶುರುವಾಯಿತು.

ಚಿಂತೆ ಸುಳ್ಳಾಗಲಿಲ್ಲ. ನಡುಮನೆಯಲ್ಲಿ ಉಪ್ಪಿಟ್ಟು ಬಂತು, ಆರಿತು. ಯಜಮಾನರು ತಟ್ಟೆ ಮುಟ್ಟಲಿಲ್ಲ. ಅವರು ಮುಟ್ಟದೆ ನಾವು ಮುಟ್ಟುವ ಹಾಗಿರಲಿಲ್ಲ.

"ಇಷ್ಟು ವರ್ಷ ಕಾಪಾಡಿದ್ದು. ಗಂಡಿನವರು ಕಾಲಿಟ್ಟ ದಿನವೇ ಹೋಯ್ತು. ಇದು ಒಳ್ಳೆ ಶಕುನ ಅಲ್ಲ" ಎಂದರು.

"ಹೋದ್ರೆ ಹೋತು ಬಿಡ್ರೀ ಯಜಮಾನ್ರೇ" ಎಂದ ಮಾವ. ಅವನ ಕಣ್ಣು ಉಪ್ಪಿಟ್ಟಿನ ಮೇಲಿತ್ತು. "ಹಾವಸೆ ಅಲ್ವಾ."

"ಹಾವಸೆ ಅಂದ್ರೆ? ಈ ಸೀಮೇಲೆ ಇನ್ನೆಲ್ಲೂ ಇಲ್ಲದ್ದು!"

"ನಮ್ಮ ಅಳಿಯನ ಹತ್ರ ಕಾಂಗರೂ ಐತಿ. ಅದೂ ಈ ಸೀಮೆಯಾಗೆ ಇಲ್ಲ."

"ಪಟ ತಾನೇ?"

"ಪಟಾನೇ. ಆದ್ರೆ ಆಳೆತ್ತರ ಐತಿ. ನಿಮ್ಮದು ಅಂಗೈಯಗಲ."

ಯಜಮಾನರು ಮೊದಲ ಸಲ ನೆಟ್ಟಗೆ ಕೂತರು. ಸಿಟ್ಟು ಒಂದು ರೀತಿಯಲ್ಲಿ ಅವರಿಗೆ ಉಪಕಾರವನ್ನೇ ಮಾಡಿತು. "ಆ ಪ್ರಾಣಿ ಅದರ ದೇಶದಲ್ಲಿ ಮಂದೆ ಮಂದೆ ಇರ್ತವಂತೆ. ಪೈರಿಗೆ ನುಗ್ತಾವೆ ಅಂತ ಓಡಿಸ್ತಾರಂತೆ. ನಮ್ಮಲ್ಲಿ ಹಂದಿ ಹ್ಯಾಂಗೋ ಹಾಂಗೆ. ಅದಕ್ಕೂ ಇದಕ್ಕೂ ಹೋಲಿಕೆಯಾ?"

"ಮಂದೆ ಇದ್ರೆ ಕೀಳಾ? ನಮ್ಮ ಕುರೀನೂ ಮಂದೇಲೇ ಇರ್ತಾವೆ. ಅದ್ರ ಉಣ್ಣೆ ಹೊದ್ದೇ ನಿಮ್ಮ ಅಜ್ಜ ಮಲಗಿದ್ದು."

"ಅಜ್ಜನ ಸುದ್ದಿ ಬೇಡ."

ಕುರಿ ಬಿಟ್ಟವರಿಗೂ ಬಿಡದವರಿಗೂ ನಡುವೆ ಇರುವ ಹಳೆಯ ಕಸಿವಿಸಿ ಇದು, ಮದುವೆ ಮಾತಿನಲ್ಲಿ ತಲೆಹಾಕದೆ ಇರುವುದಿಲ್ಲ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ನಗುವಿಗೋ ದುಃಖಕ್ಕೋ ತಿಳಿಯದು. ಯಜಮಾನರು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ನೀವು ಓದಿದವರು. ನೀವೇ ಹೇಳಿ. ಹಾವಸೆ ಹೆಚ್ಚೋ, ಕಾಂಗರೂ ಹೆಚ್ಚೋ?"

ಹೆಣ್ಣು ನೋಡಲು ಹೋದವರನ್ನು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ಸಂಬಳ ಎಷ್ಟು, ವರ್ಗಾವಣೆ ಉಂಟೋ, ತಂಬಾಕಿನ ಚಟ ಇದೆಯೋ. ಅವಕ್ಕೆಲ್ಲ ನಾನು ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ. ಇದಕ್ಕೆ ಮಾಡಿಕೊಂಡಿರಲಿಲ್ಲ. ಹಾವಸೆ ಎಂದರೆ ಮಾವನ ಮಾನ ಹೋಗುತ್ತಿತ್ತು, ಕಾಂಗರೂ ಎಂದರೆ ಹೆಣ್ಣು ಹೋಗುತ್ತಿತ್ತು. ತೊದಲುತ್ತ, ನನಗೆ ಬರುತ್ತಿದ್ದ ಎರಡು ಪಾಠಗಳನ್ನೂ ಒಟ್ಟಿಗೇ ಒಪ್ಪಿಸಲು ಶುರುಮಾಡಿದೆ.

ಕಾಂಗರೂವಿನ ಮರಿ ಹುಟ್ಟುವಾಗ ಅವರೆಕಾಳಿನಷ್ಟೇ ಇರುತ್ತದೆ, ಕಣ್ಣಿಲ್ಲ, ಕಿವಿಯಿಲ್ಲ. ತಾಯಿಯ ಹೊಟ್ಟೆಯ ಚೀಲದೊಳಗೆ ತೆವಳಿಕೊಂಡು ಹೋಗಿ, ಅಲ್ಲೇ ಹಾಲು ಹಿಡಿದು ತಿಂಗಳುಗಟ್ಟಲೆ ಇರುತ್ತದೆ ಎಂದೆ. "ಓ, ನಾವು ಈದ ಮರೀನ ಕಂಬಳಿ ಮಡಿಕೇಲಿ ಹಾಕ್ಕೊಂಡು ಹೊಲ ಹೊಲ ತಿರುಗ್ತೀವಲ್ಲ, ಹಂಗೆ" ಎಂದ ಮಾವ. ಹಂಗೆಯೇ ಎಂದೆ. ಹಾವಸೆಯೂ ಹಾಗೆಯೇ ಎಂಬ ಮಾತು ನನ್ನ ಬಾಯಿಂದ ಬಿದ್ದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ನನಗೆ. ಆದರೆ ನೆನೆಸಿಕೊಂಡರೆ ಪುಸ್ತಕದಲ್ಲಿದ್ದ ಚಿತ್ರ ಹಾಗೆಯೇ ಇತ್ತು. ಹಾವಸೆಯ ನೆತ್ತಿಯಿಂದ ಕೂದಲೆಳೆಯಂಥ ಒಂದು ಕಡ್ಡಿ ಏಳುತ್ತದೆ, ಅದರ ತುದಿಗೆ ಎಳ್ಳಿನಂಥ ಪುಟ್ಟ ಬುಡ್ಡಿ. ಅದು ತಾಯಿಯ ಅಂಗವಲ್ಲ, ಮರಿ. ಬೇರೆ ನೆಲ ಹಿಡಿಯದೆ ತಾಯಿಯ ತಲೆಯ ಮೇಲೇ ಕೂತು, ತಾಯಿಯಿಂದಲೇ ಉಂಡು ಬೆಳೆಯುತ್ತದೆ. ಒಂದು ಹೊಟ್ಟೆಯಲ್ಲಿ ಹೊರುತ್ತದೆ, ಇನ್ನೊಂದು ತಲೆಯ ಮೇಲೆ. ಒಂದು ಹಾರುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ.

"ಇನ್ನೊಂದು ವ್ಯತ್ಯಾಸ" ಎಂದೆ. ಬಾಯಿಪಾಠ ಮಾಡಿದ್ದ ಕೊನೆಯ ಸಾಲು ಆಗ ನೆನಪಾಯಿತು. "ಕಾಂಗರೂವನ್ನ ಚೂರು ಮಾಡಿದ್ರೆ ಮುಗೀತು. ಹಾವಸೆ ಹಾಗಲ್ಲ. ಚೂರಿನಿಂದಲೂ ಹುಟ್ಟುತ್ತೆ. ತಿಕ್ಕಿದ ನೀರನ್ನ ಎಲ್ಲಿ ಚೆಲ್ಲಿದ್ದು?"

ಕೇಳಿದ್ದು ಯಜಮಾನರನ್ನು, ಉತ್ತರ ಬಂದದ್ದು ಬಾಗಿಲ ಹಿಂದಿನಿಂದ. "ಹಿತ್ತಲ ಒಡೆದ ಒರಳಿನ ಬುಡಕ್ಕೆ."

ಎಲ್ಲರೂ ಎದ್ದು ಹೋಗಿ ಒರಳು ನೋಡಿದೆವು. ಬೂದಿ, ನಾರು, ಬಗ್ಗಡ. ಅದರ ಮೇಲೆ ನೆರಳು ಬೀಳುವಂತಿರಲಿ, ಒಣಗಲು ಬಿಡಬೇಡಿ, ಅದರಲ್ಲಿ ಒಂದು ಹಿಡಿ ತೆಗೆದು ಮೆಟ್ಟಿಲಿಗೂ ಸವರಿ, ಮಳೆಗಾಲ ಮುಗಿಯುವುದರೊಳಗೆ ಬಂದರೂ ಬಂದೀತು ಎಂದೆ. ಆ 'ಬಂದೀತು'ವಿನಲ್ಲಿ ಎಷ್ಟು ವಿಜ್ಞಾನ, ಎಷ್ಟು ಆಸೆ ಇತ್ತು ಎಂದು ಬಿಡಿಸಿ ಹೇಳಲಾರೆ.

ಯಜಮಾನರು ಒರಳನ್ನೇ ನೋಡುತ್ತ ನಿಂತರು. "ಬರಲಿ. ಅದೇ ಹಾವಸೆ ತಿರುಗಿ ಬಂದ್ರೆ, ಈ ಸಂಬಂಧಕ್ಕೆ ದೇವರ ಒಪ್ಪಿಗೆ ಉಂಟು ಅಂತ ತಿಳೀತೀನಿ. ದೀಪಾವಳಿ ಆದ ಮೇಲೆ ಬನ್ನಿ. ಬರದಿದ್ರೆ ಅಂಜನಾಪುರದವರಿಗೆ ಮಾತು ಕೊಡ್ತೀನಿ." ಆಮೇಲೆ ಹೋಗಿ ಆರಿದ ಉಪ್ಪಿಟ್ಟು ತಿಂದರು. ನಾವೂ ತಿಂದೆವು. ಮಾವ ಎರಡು ಸಲ ಹಾಕಿಸಿಕೊಂಡ.

ಆ ಮಳೆಗಾಲದಲ್ಲಿ ನಾನು ಮಾಡಿದಷ್ಟು ಚಿಂತೆಯನ್ನು ಬೇರೆ ಯಾವ ಮಳೆಗಾಲದಲ್ಲೂ ಮಾಡಿಲ್ಲ. ಬಿಸಿಲು ಬಿದ್ದರೆ ಒರಳು ಒಣಗೀತು ಎಂದು, ಜೋರು ಮಳೆ ಬಂದರೆ ಚೂರುಗಳು ಕೊಚ್ಚಿ ಹೋದಾವು ಎಂದು. ಶಿಕಾರಿಪುರದ ಮೋಡ ನೋಡಿ ಸೊರಬದ ಕಡೆ ಏನಾಗುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಶಾಲೆಯ ಹಿಂದಿನ ಗೋಡೆಯಲ್ಲಿ ಬೇಕಾದಷ್ಟು ಹಾವಸೆ ಇತ್ತು. ಬಿಡುವಿನಲ್ಲಿ ಅಲ್ಲೇ ಕೂತು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಬಗೆ ಎಂದುಕೊಂಡಿದ್ದರಲ್ಲಿ ನಾಲ್ಕಾರು ಬಗೆ ಕಂಡವು: ಒಂದು ಮಖಮಲ್ಲಿನಂತೆ, ಒಂದು ಪುಟಾಣಿ ನಕ್ಷತ್ರಗಳಂತೆ, ಇನ್ನೊಂದು ಜಡೆ ಹೆಣೆದ ಹಾಗೆ. ಮಕ್ಕಳಿಗೂ ತೋರಿಸಿದೆ. ಕಾಂಗರೂ ಬಿಟ್ಟು ನಾನು ಕಲಿಸಿದ ಮೊದಲ ಪಾಠ ಅದು. ಗೋಡೆಗೆ ಸುಣ್ಣ ಹೊಡೆಸುತ್ತೇನೆಂದ ಹೆಡ್‌ಮೇಷ್ಟ್ರಿಗೆ ದಮ್ಮಯ್ಯಗುಡ್ಡೆ ಹಾಕಿ ನಿಲ್ಲಿಸಿದೆ. "ಪಟ ಇನ್ನೊಂದು ಬರುತ್ತೆ ಕಣ್ರೀ, ಸ್ವಲ್ಪ ತಡ್ಕೊಳ್ಳಿ" ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು.

ಸುದ್ದಿಗೆ ಇದ್ದ ದಾರಿ ಮಾವನೊಬ್ಬನೇ. ಪ್ರತಿ ಸಂತೆಗೂ ಹೋದವನು ಆ ಮನೆಗೆ ಹೊಕ್ಕು ಬರುತ್ತಿದ್ದ.

"ಏನಾಯ್ತು ಮಾವ? ಬಂದಿದೆಯಾ?"

"ಹಸಿರು ಐತಿ."

"ಎಂಥ ಹಸಿರು?"

"ಹಸಿರು ಹಸಿರು. ಹಸಿರಿನಾಗೆ ಎಷ್ಟು ಜಾತಿ ಐತಲೇ?"

"ಮಖಮಲ್ಲಿನ ಹಂಗಾ, ಜಡೆ ಹಂಗಾ?"

"ಮಳೆಗಾಲ್ದಾಗೆ ನಮ್ಮ ಕುರಿ ಮೈಮೇಲೂ ಹಾವಸೆ ಬರ್ತೈತಿ, ಹೋಗು." ಆಮೇಲೆ, ಕಂಬಳಿ ಕೊಡವುತ್ತ: "ಆ ಹುಡುಗಿ ಬೆಳಗ್ಗೆ ಒಂದು ಸಲ, ಸಂಜೀಕೆ ಒಂದು ಸಲ ಒರಳಿಗೆ ನೀರು ಚಿಮುಕಿಸ್ತೈತಿ. ಅವರಜ್ಜಿ ಹೇಳಿದ್ಲು. ಮಳೆ ಬರೋವಾಗಲೂ ಚಿಮುಕಿಸ್ತೈತಂತೆ."

ಮಳೆ ಬರುತ್ತಿರುವಾಗ ನೀರು ಚಿಮುಕಿಸುವವಳು! ಆ ರಾತ್ರಿ ಊಟ ರುಚಿಯಾಗಿತ್ತು. ಮಾರನೇ ದಿನ, ನೀರು ಹೆಚ್ಚಾಗಿ ಕೊಳೆತೀತೇ ಎಂಬ ಚಿಂತೆ ಶುರುವಾಯಿತು.

ದೀಪಾವಳಿ ಕಳೆದು, ಭತ್ತ ಬಾಗಿ ಹಳದಿಗೆ ತಿರುಗುವ ಹೊತ್ತಿಗೆ ಮೂವರೂ ಮತ್ತೆ ಹೊರಟೆವು. ಮಾವ ಈ ಸಲವೂ ಕಂಬಳಿ ಗಂಟು ಬಿಡಲಿಲ್ಲ. ಯಜಮಾನರು ಅಂಗಳದಲ್ಲೇ ಇದ್ದರು. ನೇರ ಬಾವಿಕಟ್ಟೆಗೆ ನಡೆದೆವು.

ಎರಡನೇ ಮೆಟ್ಟಿಲಿನ ಮೂಲೆಯಲ್ಲಿ ಹಸಿರು ಇತ್ತು! ಅಂಗೈಯಗಲ ಅಲ್ಲ, ಹೆಬ್ಬೆರಳಗಲ. ಒರಳಿನ ಬುಡದಲ್ಲಿ ಇನ್ನೂ ಕೊಂಚ ಹೆಚ್ಚು. ನನ್ನ ಎದೆಯೊಳಗೆ ಕಾಂಗರೂ ನೆಗೆಯಿತು ಎಂದರೆ ಅತಿಶಯವಲ್ಲ. ಮಂಡಿಯೂರಿ, ಚೀಲದಿಂದ ಭೂತಗನ್ನಡಿ ತೆಗೆದು, ಕಣ್ಣಿಗೆ ಹಿಡಿದು ಬಗ್ಗಿದೆ. ಸೂಜಿಮೊನೆಯಂಥ ಎಲೆಗಳು, ಅವುಗಳ ನಡುವೆ ಒಂದೆರಡು ಕೂದಲೆಳೆ ಕಡ್ಡಿ, ತುದಿಯಲ್ಲಿ ಪುಟ್ಟ ಬುಡ್ಡಿ. ತಾಯಿಯ ತಲೆಯ ಮೇಲೆ ಮರಿ.

"ನೋಡಿ ಹೇಳಿ ಮೇಷ್ಟ್ರೇ" ಎಂದರು ಯಜಮಾನರು ಹಿಂದಿನಿಂದ. "ಅದೇನಾ?"

ಆಗ ಹೊಳೆಯಿತು. ಬಿಸಿಲಿನ ಚಿಂತೆ ಮಾಡಿದ್ದೆ, ಮಳೆಯ ಚಿಂತೆ ಮಾಡಿದ್ದೆ, ಬಸವನಹುಳು, ಕೋಳಿ, ದೀಪಾವಳಿಗೆ ಮನೆ ತೊಳೆಯುವವರು, ಯಾರನ್ನೂ ಬಿಡದೆ ಚಿಂತೆ ಮಾಡಿದ್ದೆ. ಮಾಡದೆ ಉಳಿದದ್ದು ಇದೊಂದೇ. ಮೊದಲಿನ ಹಾವಸೆಯನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ. ನಾನು ಬರುವ ಮೊದಲೇ ಅದು ಹೋಗಿತ್ತಲ್ಲ! ಅದೇನಾ ಎಂದರೆ, ಯಾವುದೇನಾ?

ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಲೆಕ್ಕ ಹಾಕಿದೆ. ಹೌದು ಎಂದುಬಿಟ್ಟರೆ ಮುಗಿಯಿತು, ಯಾರು ಪರೀಕ್ಷೆ ಮಾಡುತ್ತಾರೆ? ಆದರೆ ಹಾಗೆ ಹೇಳಿ ಮದುವೆಯಾದರೆ ಮುಂದೆ ಜೀವನವಿಡೀ, ಆ ಪಂಡಿತರು ಮತ್ತೊಮ್ಮೆ ನೀರು ಕುಡಿಯಲು ಬಂದಾರು ಎಂದು ಕಾಯುವ ಚಿಂತೆ ನನ್ನದಾಗುತ್ತಿತ್ತು. ಅಷ್ಟು ದೊಡ್ಡ ಚಿಂತೆ ಸಾಕುವ ಶಕ್ತಿ ನನಗಿರಲಿಲ್ಲ. ಎದ್ದು ನಿಂತೆ.

"ಗೊತ್ತಿಲ್ಲ ಯಜಮಾನ್ರೇ. ಮೊದಲಿನದನ್ನ ನಾನು ನೋಡೇ ಇಲ್ಲ."

ಮಾವ ಹಣೆ ಚಚ್ಚಿಕೊಂಡ. "ಲೇ ಅಳಿಯ, ಹೂಂ ಅನ್ನೋಕೆ ನಿನಗೇನಾಗಿತ್ತಲೇ! ಕಂಬಳಿ ಹೊತ್ಕೊಂಡು ಬಂದಿದ್ದು ಸುಳ್ಳಾಗ್ಲಿಲ್ಲ ನೋಡು."

ಹಿತ್ತಲ ಬಾಗಿಲಲ್ಲಿ ಅಜ್ಜಿ ನಗತೊಡಗಿದರು. ನಕ್ಕು, ಕೆಮ್ಮಿ, ಮತ್ತೆ ನಕ್ಕರು. "ಗೊತ್ತಿಲ್ಲ ಅನ್ನೂ ಮೇಷ್ಟ್ರನ್ನ ನಾನು ನೋಡಿದ್ದು ಇದೇ ಮೊದಲು. ಮಗಾ, ನಿನ್ನ ಹಾವಸೆಗಿಂತ ಇವನೇ ಅಪರೂಪ ಕಾಣ್ತ."

ಯಜಮಾನರು ನಗಲಿಲ್ಲ, ಬಯ್ಯಲೂ ಇಲ್ಲ. ತಾವೇ ಬಗ್ಗಿ ನೋಡಿದರು. ಕಣ್ಣು ಕಿರಿದು ಮಾಡಿ, ಹಿಗ್ಗಿಸಿ, ನನ್ನ ಭೂತಗನ್ನಡಿ ಇಸಿದುಕೊಂಡು ತಲೆಕೆಳಗು ಹಿಡಿದು ನೋಡಿದರು. ಅವರಿಗೂ ಗೊತ್ತಾಗಲಿಲ್ಲ. ಮುಟ್ಟಬೇಡಿ ಎಂದಿದ್ದಕ್ಕೆ ಅವರು ಹತ್ತಿರದಿಂದ ನೋಡುವುದನ್ನೂ ಬಿಟ್ಟಿದ್ದರು. ಇಷ್ಟು ವರ್ಷವೂ ಬಂದವರಿಗೆಲ್ಲ ನಿಂತಲ್ಲಿಂದಲೇ ಕೈಚಾಚಿ ತೋರಿಸಿದ್ದಷ್ಟೇ. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದು, "ಹಾಗಾದ್ರೆ ಅದನ್ನ ಕಂಡವರು ಯಾರು ಈ ಮನೇಲಿ?" ಎಂದು ತಮ್ಮನ್ನೇ ಕೇಳಿಕೊಂಡರು.

"ನಾನು ತಿಕ್ಕಿದ್ದೆ" ಎಂದಳು ಅವಳು.

ಎಲ್ಲರೂ ತಿರುಗಿದೆವು. ಹೌದಲ್ಲ! ಅದನ್ನು ಕೈಯಾರೆ ಮುಟ್ಟಿದ್ದವಳು ಆ ಮನೆಯಲ್ಲಿ ಇವಳೊಬ್ಬಳೇ.

ಆ ಕಾಲದಲ್ಲಿ ಹೆಣ್ಣು ನೋಡುವ ಶಾಸ್ತ್ರದಲ್ಲಿ ಎಲ್ಲರನ್ನೂ ಕೇಳುತ್ತಿದ್ದರು. ಹುಡುಗನನ್ನು, ಹುಡುಗನ ತಾಯಿಯನ್ನು, ಸೋದರಮಾವನನ್ನು, ಗುಡಿಯ ಹೂವನ್ನು, ಗೋಡೆಯ ಹಲ್ಲಿಯನ್ನು. ಹುಡುಗಿಯೊಬ್ಬಳನ್ನು ಮಾತ್ರ ಬಿಟ್ಟು. ಅವತ್ತು ಯಜಮಾನರಿಗೆ ಅವಳನ್ನು ಕೇಳದೆ ಗತಿ ಇರಲಿಲ್ಲ.

"ಬಾ ಮಗಾ. ಮುಟ್ಟಿ ನೋಡಿ ಹೇಳು. ಅದೇನಾ?"

ಅವಳು ಇಳಿದು ಬಂದು ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತೋರುಬೆರಳನ್ನು ಹಾವಸೆಯ ಮೇಲೆ ಇಟ್ಟು, ಮಗುವಿನ ತಲೆ ಸವರಿದ ಹಾಗೆ ಸವರಿದಳು. ಅವಸರ ಮಾಡಲಿಲ್ಲ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನನ್ನನ್ನು ಎಂದರೆ, ಮೊದಲು ನನ್ನ ಹೊಟ್ಟೆಯ ಮೇಲಿನ ಚೀಲವನ್ನು.

"ಅದ್ರಲ್ಲಿ ಎಂತ ಉಂಟು?" ಎಂದು ನೇರ ನನ್ನನ್ನೇ ಕೇಳಿದಳು.

ನಾನು ಗಾಬರಿಬಿದ್ದು ಪೂರ್ತಿ ಹೇಳಿಬಿಟ್ಟೆ. ಪಿನ್ನು, ಶುಂಠಿ ಪುಡಿ, ಹುರಿ, ಬೆಂಕಿಪೊಟ್ಟಣ.

"ಬೀಡಿ ಸೇದ್ತೀರಾ?"

"ಇಲ್ಲ. ಕತ್ತಲಾದ್ರೆ ಬೇಕಾಗುತ್ತೆ ಅಂತ."

"ಮೇಣದ ಬತ್ತಿ?"

ಅದು ಇರಲಿಲ್ಲ. ಇಷ್ಟು ವರ್ಷ ಬೆಂಕಿಪೊಟ್ಟಣ ಹೊತ್ತಿದ್ದೇನೆ, ಹಚ್ಚಲು ಏನಾದರೂ ಬೇಕೆಂಬುದು ಹೊಳೆದಿರಲಿಲ್ಲ. ಅವಳು ಇದನ್ನು ಕಂಡು ನಕ್ಕಳೋ, ಅಥವಾ ಮುಂದೆ ತಾನು ಮಾಡಬೇಕಾದ ಕೆಲಸದ ಅಂದಾಜು ಹಾಕಿದಳೋ ತಿಳಿಯದು, ಮತ್ತೆ ಬಗ್ಗಿ ಹಾವಸೆಯನ್ನು ಇನ್ನೊಮ್ಮೆ ಮುಟ್ಟಿದಳು.

"ಅದೇ ಅಪ್ಪಯ್ಯ" ಎಂದಳು.

"ಖರೇನಾ?"

"ಕೈಗೆ ಗೊತ್ತಾಗ್ತಲ್ದಾ. ಅದೇ."

ಯಜಮಾನರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಮತ್ತೆ ಕಟ್ಟಿಕೊಂಡರು. "ಅಮ್ಮಾ, ಉಪ್ಪಿಟ್ಟು ಬಿಸಿ ಉಂಟಾ?" ಎಂದು ಬಾಗಿಲ ಕಡೆ ಕೂಗಿದರು. ಮಾವ ಕಂಬಳಿ ಗಂಟು ಬಿಚ್ಚಿ, ಅತಿ ಒಳ್ಳೆಯದನ್ನು ಆರಿಸಿ, ಅಜ್ಜಿಯ ಹೆಗಲ ಮೇಲೆ ಹೊದಿಸಿದ. "ಕುರಿ ಬಿಟ್ರೂ ಕಂಬಳಿ ಬಿಡಬೇಡಿ ಬೀಗತೀ" ಎಂದ. ಅಂದಿನ ಮಟ್ಟಿಗೆ ಕುರಿ ಬಿಟ್ಟವರೂ ಬಿಡದವರೂ ರಾಜಿಯಾದರು. ಅವ್ವ ನನ್ನ ಕೈ ಹಿಡಿಯದೆ, ತಾನೇ ಮೆಟ್ಟಿಲು ಹತ್ತಿ ಕಾಲು ತೊಳೆದಳು. ಹಾವಸೆ ಇದ್ದದ್ದು ಮೂಲೆಯಲ್ಲಿ ಹೆಬ್ಬೆರಳಗಲ; ಕಾಲಿಡಲು ಬೇಕಾದಷ್ಟು ಜಾಗ ಇತ್ತು.

ಮಾಘದಲ್ಲಿ ಮದುವೆಯಾಯಿತು. ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಜರೆಯುವ ಹಾಡಿನಲ್ಲಿ ನನ್ನನ್ನು ಹೊಟ್ಟೆಚೀಲದ ಅಳಿಯ ಎಂದು ಹಾಡಿದರು. ನಮ್ಮ ಕಡೆಯವರು ಸುಮ್ಮನಿರದೆ, ಹೆಣ್ಣನ್ನು ಕಲ್ಲು ಬಿಡದ ಹಾವಸೆ ಎಂದು ತಿರುಗಿಸಿ ಹಾಡಿದರು. ಹೋಲಿಕೆಗಳೆರಡೂ ತಪ್ಪಾಗಿರಲಿಲ್ಲ.

ಹಾವಸೆ ಈಗಲೂ ಇದೆ, ಮೆಟ್ಟಿಲ ಮೂಲೆ ಬಿಟ್ಟು ಹೊರಗೆ ಬಂದಿಲ್ಲ. ಪಂಡಿತರು ಮತ್ತೆ ಬರಲಿಲ್ಲ. ಅದು ಅಪರೂಪದ್ದೋ, ಅಥವಾ ನಮ್ಮ ಶಾಲೆಯ ಗೋಡೆಯಲ್ಲಿ ಇರುವಂಥದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಎರಡನ್ನೂ ಒಂದೇ ಭೂತಗನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಒಂದೇ ಅನ್ನಿಸುತ್ತದೆ, ಒಮ್ಮೆ ಬೇರೆ. ಹೆಂಡತಿಯನ್ನೂ ಆಗಾಗ ಕೇಳುತ್ತೇನೆ. ಅವತ್ತು ನಿಜವಾಗಿ ಅದೇ ಆಗಿತ್ತಾ ಎಂದು. ಮೊನ್ನೆಯೂ ಕೇಳಿದೆ, ಆನವಟ್ಟಿಗೆ ಹೊರಟು ಬಸ್ಸಿಗೆ ಕಾಯುತ್ತ ನಿಂತಾಗ.

ಅವಳು ನನ್ನ ಚೀಲಕ್ಕೆ ಕೈ ಹಾಕಿ, ಒಳಗೆಲ್ಲ ತಡಕಾಡಿ, ಮೇಣದ ಬತ್ತಿ ಇದೆಯೆಂದು ಖಾತ್ರಿ ಮಾಡಿಕೊಂಡಳು.

"ಉಂಟು" ಎಂದಳು. ಬತ್ತಿಯ ಮಾತೋ ಹಾವಸೆಯ ಮಾತೋ ಎಂದು ನಾನು ಕೇಳುವುದರೊಳಗೆ ಬಸ್ಸು ಬಂತು, ಕಿಟಕಿಯ ಪಕ್ಕದ ಜಾಗ ಸಿಕ್ಕೀತೋ ಇಲ್ಲವೋ ಎಂದು ಇಬ್ಬರೂ ಓಡಿದೆವು.